ಕಿವಿಯಿಂದ ಕಲಿತ ಗಿಟಾರ್

ಕುಂದಾಪುರದಿಂದ ಉಡುಪಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೋಟೇಶ್ವರವನ್ನು ದಾಟಿ ಪಡುವಣಕ್ಕೆ ಹೊರಳಿದರೆ ಬೀಜಾಡಿ. ತೆಂಗಿನ ತೋಟಗಳು, ಅವುಗಳ ನಡುವೆ ಹಂಚಿನ ಮನೆಗಳು, ಮನೆಗಳ ಆಚೆ ಕಡಲು. ನಮ್ಮ ಅಕ್ಕನ ಮಗನು ಬ್ಯಾಂಕಿನ ನೌಕರಿಯ ನಿಮಿತ್ತ ಹಾವೇರಿಯ ಸೀಮೆಯಿಂದ ಈ ಕಡೆಗೆ ವರ್ಗವಾಗಿ ಬಂದು ಆರು ವರ್ಷಗಳಾದವು. ಇಷ್ಟಲಿಂಗ ಪೂಜೆಯ ವಿಭೂತಿ, ಪತ್ರೆಗಳೊಡನೆ ಎಂಬತ್ತು ದಾಟಿದ ತಾಯಿಯನ್ನೂ ಕರೆತಂದು ಆ ಮನೆಯಲ್ಲಿ ಸಂಸಾರ ಹೂಡಿದ್ದಾನೆ. ಕಳೆದ ಚಳಿಗಾಲದಲ್ಲಿ ನಾವು ಶಿವಮೊಗ್ಗೆಯಿಂದ ಬಸ್ಸು ಹಿಡಿದು, ಹುಲಿಕಲ್ ಘಾಟಿಯನ್ನಿಳಿದು, ಅಲ್ಲಿ ಹನ್ನೆರಡು ದಿನ ಇದ್ದು ಬಂದೆವು. ಅಲ್ಲಿ ಕಂಡುದನ್ನೂ, ಕಾಣುವ ಮೊದಲು ನಾವು ಮಾಡಿದ್ದ ತಪ್ಪನ್ನೂ ವಾಚಕ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ತಪ್ಪಿನಿಂದಲೇ ಆರಂಭಿಸುತ್ತೇವೆ. ಎರಡು ವರ್ಷಗಳ ಹಿಂದೆ ಅಳಿಯನು ಫೋನಿನಲ್ಲಿ, "ಮಾಮಾ, ಒಂದು ಗಿಟಾರ್ ತಗೊಂಡೇನಿ. ಪುಸ್ತಕ ಇಲ್ಲ, ಮಾಸ್ತರ ಇಲ್ಲ. ಕೇಳಿ ಕೇಳಿ ಬಾರಸೂದು ಕಲೀಲಿಕ್ಕೆ ಹತ್ತೇನಿ" ಎಂದು ಸಂತೋಷದಿಂದ ತಿಳಿಸಿದನು. ನಮಗೆ ಸಂತೋಷವಾಗಲಿಲ್ಲ. ನಲವತ್ತೈದು ದಾಟಿದ ಗೃಹಸ್ಥನಿಗೆ ಇದೇನು ಹುಡುಗಾಟಿಕೆ ಎಂದುಕೊಂಡೆವು. ಗುರುವಿಲ್ಲದೆ, ಲಿಪಿಯಿಲ್ಲದೆ ಕಲಿತ ವಿದ್ಯೆಯು ಬೇಲಿಯಿಲ್ಲದ ಹೊಲವೆಂದು ದೀರ್ಘವಾದ ಪತ್ರವೊಂದನ್ನು ಬರೆದು, ಅದರೊಂದಿಗೆ ಸ್ವರಲಿಪಿಯ ಪ್ರಥಮ ಪಾಠದ ಪುಸ್ತಕವನ್ನೂ ಕಳುಹಿಸಿದೆವು. ಅವನು ವಿನಯವಂತ, ಮರುಮಾತಾಡಲಿಲ್ಲ. ಪುಸ್ತಕವನ್ನು ತೆರೆದನಂತೆ, ನಾಲ್ಕು ದಿನ ನೋಡಿದನಂತೆ, ಆಮೇಲೆ ಪುಸ್ತಕವನ್ನೂ ಗಿಟಾರನ್ನೂ ಒಟ್ಟಿಗೇ ಕಪಾಟಿನ ಮೇಲೆ ಇಟ್ಟನಂತೆ. ಆರು ತಿಂಗಳು ಅದು ಕೆಳಗಿಳಿಯಲಿಲ್ಲ. ಕಡೆಗೆ ಅಕ್ಕನೇ ನಮಗೆ ಫೋನು ಮಾಡಿಸಿ, "ಅವನ ಕೈ ಯಾಕ ಕಟ್ಟಿಹಾಕಿದಿ ತಮ್ಮಾ? ಅವ ನನ್ನ ಹಾಡ ಕಲ್ಯಾಕ ಹತ್ತಿದ್ದ" ಎಂದು ಕೇಳಿದಳು.

ಅಕ್ಕನ ಹಾಡುಗಳ ವಿಷಯವನ್ನು ಇಲ್ಲಿ ಹೇಳಬೇಕು. ನಮ್ಮ ಹಳ್ಳಿಯಲ್ಲಿ ಶ್ರಾವಣಮಾಸವಿಡೀ ಮಠದಲ್ಲಿ ಪುರಾಣ ನಡೆಯುತ್ತಿತ್ತು. ಶಾಸ್ತ್ರಿಗಳು ಓದಿ ಅರ್ಥ ಹೇಳಿದ ಮೇಲೆ ಹೆಣ್ಣುಮಕ್ಕಳು ಒಂದು ಕಡೆ ಕುಳಿತು ಪದ ಹೇಳುತ್ತಿದ್ದರು. ಪುರಾಣದಲ್ಲಿ ಬಸವಣ್ಣನವರ ಜನನದ ಸಂಧಿ ಬಂದ ದಿನ ತೊಟ್ಟಿಲು ಕಟ್ಟಿ, ತೊಟ್ಟಿಲ ಪದ ಹಾಡಿ, ಸಕ್ಕರೆ ಹಂಚುತ್ತಿದ್ದರು. ಅಕ್ಕನು ಇವನ್ನೆಲ್ಲ ನಮ್ಮ ಅಜ್ಜಿಯಿಂದ ಕಲಿತವಳು. ಅಜ್ಜಿ ಓದು ಬರಹ ಬಲ್ಲವಳಲ್ಲ. ಈ ಪದಗಳ ಸಾಹಿತ್ಯವು ಅಲ್ಲಲ್ಲಿ ಅಚ್ಚಾಗಿದೆ. ಧಾಟಿ ಮಾತ್ರ ಎಲ್ಲಿಯೂ ಇಲ್ಲ. ಅಜ್ಜಿಯ ಧಾಟಿಗಳಲ್ಲಿ ಅಕ್ಕನಿಗೆ ಈಗ ನೆನಪಿರುವುವು ಹನ್ನೊಂದು. ಅವಳ ಜೊತೆಗೆ ಹಾಡುತ್ತಿದ್ದವರಲ್ಲಿ ಯಾರೂ ಉಳಿದಿಲ್ಲ. ಅವಳಿಗಾದರೂ ಈಗ ಉಬ್ಬಸ. ಬೆಳಗಿನ ಪೂಜೆಯಾದ ಮೇಲೆ ಹತ್ತು ನಿಮಿಷ ಹಾಡಬಲ್ಲಳು, ಹೆಚ್ಚಲ್ಲ.

ಈ ಸಂಗತಿ ತಿಳಿದ ದಿನ ನಮ್ಮ ಪತ್ರದ ವಿಷಯದಲ್ಲಿ ನಾಚಿಕೆಯಾಯಿತು. ಏಕೆಂದರೆ ನಾವು ಸ್ವತಃ ಕಲಿತದ್ದೇ ಕಿವಿಯಿಂದ. ಮಠದ ಪಾಠಶಾಲೆಯಲ್ಲಿ ನಸುಕಿನಲ್ಲಿ ಎದ್ದು ಸಾಲಾಗಿ ಕುಳಿತರೆ ಗುರುಗಳು ರುದ್ರದ ಒಂದು ಪಾದವನ್ನು ಒಮ್ಮೆ ಹೇಳುವರು, ನಾವು ಎರಡು ಬಾರಿ ಹೇಳಬೇಕು. ಇದಕ್ಕೆ ಸಂಥೆ ಎಂದು ಹೆಸರು. ಪುಸ್ತಕವು ಎದುರಿಗೇ ಇದ್ದರೂ ಅದನ್ನು ತೆರೆಯುವ ಅಪ್ಪಣೆ ಇರಲಿಲ್ಲ. ಉದಾತ್ತ, ಅನುದಾತ್ತ, ಸ್ವರಿತಗಳ ಗೆರೆಗಳನ್ನು ಕಣ್ಣಿನಿಂದ ನೋಡಿದ್ದು ಅವು ನಾಲಗೆಯಲ್ಲಿ ನಿಂತ ಎಷ್ಟೋ ತಿಂಗಳ ಮೇಲೆ. ಹಾಗೆ ಕಲಿತ ನಾವು ಅಳಿಯನಿಗೆ ಪುಸ್ತಕ ಕಳುಹಿಸಿದ್ದೆವು!

ಬೀಜಾಡಿಗೆ ಹೋದ ಮೇಲೆ ಅವನ ಅಭ್ಯಾಸದ ಕ್ರಮವನ್ನು ದಿನವೂ ಪಕ್ಕದಲ್ಲಿ ಕುಳಿತು ನೋಡಿದೆವು. ಹುಡುಗಾಟಿಕೆಯೆಂದು ನಾವು ತಿಳಿದದ್ದರಲ್ಲಿ ನಮ್ಮ ಪಾಠಶಾಲೆಯ ಶಿಸ್ತಿಗೆ ಕಡಿಮೆಯಿಲ್ಲದ ಶಿಸ್ತಿತ್ತು. ಗಿಟಾರಿಗೆ ಆರು ತಂತಿಗಳು. ಅತ್ಯಂತ ದಪ್ಪ ತಂತಿಯ ಸ್ವರವನ್ನು ಷಡ್ಜವೆಂದು ಹಿಡಿದರೆ ಅದರ ಮುಂದಿನದು ಶುದ್ಧ ಮಧ್ಯಮ, ಆಮೇಲೆ ಕೋಮಲ ನಿಷಾದ, ಮೇಲಿನ ಸ್ಥಾಯಿಯ ಕೋಮಲ ಗಾಂಧಾರ, ಪಂಚಮ, ಕಡೆಯದು ಎರಡು ಸ್ಥಾಯಿ ಮೇಲಿನ ಷಡ್ಜ. ಕೊರಳಿನ ಮೇಲೆ ನಮ್ಮ ವೀಣೆಯಲ್ಲಿರುವಂತೆ ಮೆಟ್ಟುಗಳಿವೆ. ಒಂದೊಂದು ಮೆಟ್ಟಿಗೆ ಅರ್ಧ ಸ್ವರ ಏರುತ್ತದೆ. ಐದನೆಯ ಮೆಟ್ಟಿನಲ್ಲಿ ಮಧ್ಯಮ, ಏಳರಲ್ಲಿ ಪಂಚಮ, ಹನ್ನೆರಡರಲ್ಲಿ ಮತ್ತೆ ಷಡ್ಜ. ಆ ಹನ್ನೆರಡನೆಯ ಮೆಟ್ಟು ತಂತಿಯ ಸರಿಯಾದ ನಡುಮಧ್ಯದಲ್ಲಿದೆ. ಇಷ್ಟನ್ನು ತಿಳಿದವನಿಗೆ ಒಂದೇ ತಂತಿಯ ಮೇಲೆ ಇಡೀ ಸಪ್ತಕವು ಸಿಕ್ಕುತ್ತದೆ.

ಶ್ರುತಿ ಮಾಡುವುದನ್ನು ಕಲಿಯಲು ಅವನಿಗೆ ಬಹಳ ದಿನ ಹಿಡಿಯಿತು. ದಪ್ಪ ತಂತಿಯನ್ನು ಐದನೆಯ ಮೆಟ್ಟಿನಲ್ಲಿ ಒತ್ತಿ ಮೀಟಿದರೆ ಬರುವ ಸ್ವರವೇ ಮುಂದಿನ ತಂತಿಯ ಬಿಡಿ ಸ್ವರ. ಎರಡೂ ಸ್ವರಗಳು ಹತ್ತಿರ ಹತ್ತಿರ ಇದ್ದು ಒಂದಾಗದಿದ್ದಾಗ ನಾದವು ಅಲೆಅಲೆಯಾಗಿ ತೂಗುತ್ತದೆ. ಬಿರಟೆಯನ್ನು ಮೆಲ್ಲನೆ ತಿರುಗಿಸುತ್ತ ಬಂದಂತೆ ಅಲೆಗಳು ನಿಧಾನವಾಗುತ್ತ ಹೋಗಿ, ಎರಡೂ ಒಂದಾದ ಕ್ಷಣದಲ್ಲಿ ನಿಲ್ಲುತ್ತವೆ. ಈ ಅಲೆಯನ್ನು ಗುರುತಿಸುವುದೇ ಕಿವಿಗೆ ಮೊದಲ ಪಾಠ. ಅಳಿಯನು ಈ ಸೂತ್ರವನ್ನು ಎಲ್ಲ ತಂತಿಗಳಿಗೂ ಅನ್ವಯಿಸಿ ಎರಡು ತಿಂಗಳು ಬಾರಿಸಿದನಂತೆ. ಕೆಳಗಿನ ನಾಲ್ಕು ತಂತಿಗಳಲ್ಲಿ ಹಾಡು ಸರಿಯಾಗಿಯೂ ಮೇಲಿನ ಎರಡಕ್ಕೆ ಹೋದೊಡನೆ ಅಡ್ಡಾದಿಡ್ಡಿಯಾಗಿಯೂ ಕೇಳುತ್ತಿತ್ತು. ತನ್ನ ಕಿವಿಯೇ ಕೆಟ್ಟದ್ದೆಂದು ಅವನು ನೊಂದುಕೊಂಡಿದ್ದನು. ನೆರೆಮನೆಯ ಕೊಂಕಣಿ ಕ್ರೈಸ್ತ ಗೃಹಸ್ಥರು, ಇಗರ್ಜಿಯ ಗಾಯನವೃಂದದಲ್ಲಿ ಬಾಲ್ಯದಿಂದ ಗಿಟಾರ್ ನುಡಿಸಿದವರು, ಒಂದು ಸಂಜೆ ಬೇಲಿಯಾಚೆಯಿಂದಲೇ ಇದನ್ನು ಕೇಳಿ ನಗುತ್ತ ಬಂದು, "ಮೂರನೇ ತಂತಿಯಿಂದ ಎರಡನೇದಕ್ಕೆ ನಾಲ್ಕನೇ ಮೆಟ್ಟು ಮಾರಾಯ್ರೆ, ಐದಲ್ಲ" ಎಂದು ಹೇಳಿದರಂತೆ. ಕಿವಿ ಕೆಟ್ಟಿರಲಿಲ್ಲ, ತಪ್ಪನ್ನು ಅದು ಮೊದಲ ದಿನದಿಂದಲೇ ಹೇಳುತ್ತಿತ್ತು. ಆ ಗೃಹಸ್ಥರಿಗೂ ಸ್ವರಲಿಪಿ ಬಾರದು. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಅಣ್ಣನನ್ನು ನೋಡಿ ತಮ್ಮ, ಅವನನ್ನು ನೋಡಿ ಮಗ ಕಲಿಯುವ ವಾದ್ಯವಿದು ಎಂಬುದನ್ನು ನಾವು ಅವರಿಂದಲೇ ತಿಳಿದೆವು.

ಹಾಡನ್ನು ಹಿಡಿಯುವ ರೀತಿ ಹೀಗೆ. ಅಕ್ಕನು ಮೊದಲು ಇಡೀ ಪದವನ್ನು ಹಾಡುತ್ತಾಳೆ; ಅಳಿಯನು ವಾದ್ಯವನ್ನು ಮುಟ್ಟುವುದಿಲ್ಲ. ಎರಡನೆಯ ಬಾರಿ ಅವನು ತುಟಿ ಮುಚ್ಚಿ ಗುನುಗುತ್ತಾನೆ. ಗುನುಗಲಾರದ್ದನ್ನು ಬೆರಳು ಹುಡುಕಲಾರದು ಎಂಬುದು ಅವನು ಸ್ವಾನುಭವದಿಂದ ಕಂಡುಕೊಂಡ ನಿಯಮ. ಆಮೇಲೆ ಪದವು ಯಾವ ಸ್ವರದಲ್ಲಿ ಬಂದು ವಿಶ್ರಮಿಸುತ್ತದೆಯೋ ಅದನ್ನು ಹುಡುಕುತ್ತಾನೆ. ಅದೇ ಷಡ್ಜ. ಅಕ್ಕನ ಧ್ವನಿಯು ದಿನಕ್ಕೊಂದು ಎತ್ತರದಲ್ಲಿರುವುದರಿಂದ ಗಿಟಾರಿನ ಕೊರಳಿಗೆ ಕೇಪೊ ಎಂಬ ಚಿಮುಟವನ್ನು ಬೇಕಾದ ಮೆಟ್ಟಿನಲ್ಲಿ ಸಿಕ್ಕಿಸಿ, ವಾದ್ಯವನ್ನೇ ಅವಳ ಶ್ರುತಿಗೆ ತರುತ್ತಾನೆ. ಮುದುಕಿಯನ್ನು ವಾದ್ಯದ ಶ್ರುತಿಗೆ ಎಳೆಯುವುದಿಲ್ಲ. ಆಮೇಲೆ ಒಂದು ಸಾಲು, ಒಂದೇ ತಂತಿಯಲ್ಲಿ, ನಿಧಾನವಾಗಿ. ತಪ್ಪಿದರೆ ಅಕ್ಕನು ಜಪದ ನಡುವೆಯೇ ಕೈ ಅಲ್ಲಾಡಿಸುತ್ತಾಳೆ. ಸರಿಯಾದರೆ ಸುಮ್ಮನಿರುತ್ತಾಳೆ. ಅವಳ ಮೌನವೇ ಅವನಿಗೆ ಪ್ರಶಸ್ತಿಪತ್ರ.

ನಾವು ಸುಮ್ಮನಿರಬಹುದಿತ್ತು, ಇರಲಿಲ್ಲ. ಅಳಿಯನು ಕಿವಿಯಿಂದ ಹಿಡಿಯಲಿ, ನಾವು ಲಿಪಿಯಲ್ಲಿ ಬರೆದಿಡುವೆವು ಎಂದು ತೊಟ್ಟಿಲ ಪದವನ್ನು ಭಾತಖಂಡೆಯವರ ಪದ್ಧತಿಯಲ್ಲಿ ಎರಡು ದಿನ ಕುಳಿತು ಬರೆದೆವು. ಸ್ಥಾಯಿಗೆ ಚುಕ್ಕೆ, ಕೋಮಲಕ್ಕೆ ಅಡಿಗೆರೆ, ಮೀಂಡಿಗೆ ಕಮಾನು, ಎಲ್ಲವೂ ಕ್ರಮವಾಗಿ. ಬರೆದದ್ದನ್ನು ಅಕ್ಕನ ಮುಂದೆ ಹಾಡಿ ತೋರಿಸಿದೆವು. ಅವಳು ಕೊನೆಯವರೆಗೂ ಕೇಳಿ, "ಇದು ಪೇಟಿ ಹಾಡಿದಂಗ ಆತು ತಮ್ಮಾ, ಮಂದಿ ಹಾಡಿದಂಗ ಆಗಲಿಲ್ಲ" ಎಂದಳು. ನಮ್ಮ ಸೀಮೆಯಲ್ಲಿ ಪೇಟಿಯೆಂದರೆ ಹಾರ್ಮೋನಿಯಂ. ಅವಳ ಮಾತು ಅಕ್ಷರಶಃ ನಿಜವಾಗಿತ್ತು. ಆ ಪದದ ಗಾಂಧಾರವು ಕೋಮಲಕ್ಕಿಂತ ತುಸು ಮೇಲೆ, ಶುದ್ಧಕ್ಕಿಂತ ತುಸು ಕೆಳಗೆ ನಿಲ್ಲುತ್ತದೆ. ಹಾರ್ಮೋನಿಯಮ್ಮಿನಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ, ನಮ್ಮ ಲಿಪಿಯಲ್ಲಿ ಅದಕ್ಕೆ ಗುರುತೇ ಇಲ್ಲ. ಲಯದಲ್ಲಿಯೂ ನಾವು ಎಡವಿದ್ದೆವು. ಎಂಟು ಮಾತ್ರೆಯೆಂದು ಎಣಿಸಿ ಬರೆದಿದ್ದೆವು. ಹಾಡುವಾಗ ಸಾಲಿನ ಕೊನೆಯಲ್ಲಿ ಅಕ್ಕನು ಒಂದಿಷ್ಟು ಕಾಯುತ್ತಾಳೆ, ಏಕೆಂದರೆ ತೂಗಿದ ತೊಟ್ಟಿಲು ಮರಳಿ ಕೈಗೆ ಬರಬೇಕು. ಅದನ್ನು ಅರ್ಧ ಮಾತ್ರೆಯೆನ್ನೋಣವೇ, ಮುಕ್ಕಾಲೆನ್ನೋಣವೇ? ತೊಟ್ಟಿಲ ಹಗ್ಗದ ಉದ್ದವನ್ನು ಕೇಳಬೇಕು.

ಅಳಿಯನಿಗೂ ಆ ಗಾಂಧಾರವು ಸುಲಭವಾಗಿರಲಿಲ್ಲ. ಗಿಟಾರಿನ ಮೆಟ್ಟುಗಳೂ ಹಾರ್ಮೋನಿಯಮ್ಮಿನ ಮನೆಗಳಂತೆಯೇ ಸ್ಥಿರವಾದವು. ಆದರೆ ತಂತಿಯು ಲೋಹದ ಪಟ್ಟಿಯಲ್ಲ. ಕೋಮಲ ಗಾಂಧಾರದ ಮೆಟ್ಟಿನಲ್ಲಿ ಒತ್ತಿದ ಬೆರಳಿನಿಂದಲೇ ಅದನ್ನು ಅಡ್ಡಕ್ಕೆ ಸ್ವಲ್ಪ ಎಳೆದರೆ ಸ್ವರವು ಮೇಲೇರುತ್ತದೆ. ಎಷ್ಟು ಎಳೆಯಬೇಕೆಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಅಕ್ಕನು ಹೇಳಿದಳು. "ಇನ್ನೊಂದೀಟು. ಹೂಂ, ಹೆಚ್ಚಾತು. ಸ್ವಲ್ಪ ಬಿಡು." ಹಾಗೆ ಮೂರು ಬೆಳಗು ಹೋದವು. ನಾಲ್ಕನೆಯ ಬೆಳಗು ಅವಳು ಸುಮ್ಮನಾದಳು. ತೊಟ್ಟಿಲ ಲಯವನ್ನಂತೂ ಅವಳು ಮಗನ ಮೊಣಕಾಲಿನ ಮೇಲೆ ಅಂಗೈಯಿಂದ ತಟ್ಟಿ ಕಲಿಸಿದಳು, ಅವನು ಕೂಸಾಗಿದ್ದಾಗ ತಟ್ಟಿ ಮಲಗಿಸಿದಂತೆ.

ಈ ಪರದೇಶದ ವಾದ್ಯದಲ್ಲಿ ನಮ್ಮ ಸಂಗೀತ ಹೇಗೆ ಹಿಡಿಸೀತೆಂದು ಸಂದೇಹಪಡುವ ಹಿರಿಯರು ನಮ್ಮ ಸಮಾಜದಲ್ಲಿ ಇದ್ದಾರೆ, ನಾವೂ ಅವರಲ್ಲೊಬ್ಬರಾಗಿದ್ದೆವು. ಹವಾಯಿ ದ್ವೀಪಗಳ ಜನರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಮೆಟ್ಟುಗಳನ್ನು ಒತ್ತುವ ಬದಲು ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸಿ ನುಡಿಸತೊಡಗಿದಾಗ ಈ ಕಷ್ಟಕ್ಕೆ ಒಂದು ದಾರಿಯಾಯಿತು. ಸರೋದ್ ವಾದಕ ಅಲಿ ಅಕ್ಬರ್ ಖಾನರ ಶಿಷ್ಯರಾದ ಬ್ರಿಜ್ ಭೂಷಣ ಕಾಬ್ರಾ (1937-2018) ಅವರು ಈ ಕ್ರಮದಿಂದಲೇ ಹಿಂದುಸ್ತಾನಿ ರಾಗಗಳನ್ನು ಗಿಟಾರಿಗೆ ತಂದರು. 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಅವರೊಡನೆ ಕಾಬ್ರಾ ಅವರು ನುಡಿಸಿದ ಧ್ವನಿಮುದ್ರಿಕೆಯನ್ನು ಅನೇಕರು ಕೇಳಿದ್ದಾರೆ. ಗಿಟಾರಿಗೆ ತರಬು ತಂತಿಗಳನ್ನು ಸೇರಿಸಿ ಮೋಹನವೀಣೆಯೆಂದು ಹೆಸರಿಟ್ಟ ವಿಶ್ವಮೋಹನ ಭಟ್ ಅವರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ನಮ್ಮ ಅಳಿಯನಿಗೆ ಇವರಾರ ಗುರುತೂ ಇರಲಿಲ್ಲ. ಅವನು ಹಾಡುಗಳನ್ನು ಹುಡುಕುತ್ತಿದ್ದನೇ ಹೊರತು ವಾದ್ಯದ ಇತಿಹಾಸವನ್ನಲ್ಲ.

ವಾದ್ಯ ಬಾರದವರು ವಾದ್ಯ ಕಲಿಸಬಹುದೇ? ಅಕ್ಕನನ್ನು ನೋಡಿ ಈ ಪ್ರಶ್ನೆ ನಮ್ಮನ್ನು ಕಾಡಿತು. ಅದಕ್ಕೆ ಪ್ರಸಿದ್ಧವಾದ ನಿದರ್ಶನವೊಂದುಂಟು. ಆಂಧ್ರದ ಪಾಲಕೊಲ್ಲಿನ ಯು. ಶ್ರೀನಿವಾಸ್ (1969-2014) ಅವರು ಮ್ಯಾಂಡೊಲಿನ್ ಎಂಬ ಪಾಶ್ಚಾತ್ಯ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ ಬಾಲಕರಾಗಿರುವಾಗಲೇ ಲೋಕವನ್ನು ಬೆರಗುಗೊಳಿಸಿದವರು. ಅವರ ಗುರು ರುದ್ರರಾಜು ಸುಬ್ಬರಾಜು ಅವರಿಗೆ ಮ್ಯಾಂಡೊಲಿನ್ ನುಡಿಸಲು ಬರುತ್ತಿರಲಿಲ್ಲ. ಗುರುಗಳು ಹಾಡುತ್ತಿದ್ದರು, ಶಿಷ್ಯನು ಅದನ್ನು ತಂತಿಯ ಮೇಲೆ ಹುಡುಕಿಕೊಳ್ಳುತ್ತಿದ್ದನು.

ನಮ್ಮವರಿಗಾದರೋ ಅಷ್ಟು ದೂರ ಹೋಗುವ ಕಾರಣವಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಕಿವಿಯ ಮೇಲೆಯೇ ನಿಂತ ಗುರುಕುಲ. ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892-1944) ದೃಷ್ಟಿಹೀನರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914-2010) ಹಾಗೆಯೇ. ಪುಟ್ಟರಾಜರು ಹಾಡುವುದರ ಜೊತೆಗೆ ಪಿಟೀಲು, ಸಾರಂಗಿ, ಹಾರ್ಮೋನಿಯಂ, ತಬಲಾಗಳನ್ನೂ ನುಡಿಸುತ್ತಿದ್ದರು. ಪಾಠಶಾಲೆಯ ದಿನಗಳಲ್ಲಿ ಗದುಗಿಗೆ ಹೋದಾಗ ನಾವು ಅಲ್ಲಿ ಒಬ್ಬ ಅಂಧ ಬಾಲಕನು ತಬಲೆಯ ಬೋಲನ್ನು ಮೊದಲು ಬಾಯಲ್ಲಿ ಹೇಳಿ, ಬಾಯಿ ತಪ್ಪದಾದ ಮೇಲೆ ಕೈಯಿಂದ ನುಡಿಸುತ್ತಿದ್ದುದನ್ನು ಕಂಡಿದ್ದೆವು. ಇಷ್ಟೆಲ್ಲವನ್ನು ಕಂಡೂ ಆ ಪತ್ರವನ್ನು ಬರೆದೆವಲ್ಲ ಎಂದು ಬೀಜಾಡಿಯ ಜಗಲಿಯಲ್ಲಿ ಕುಳಿತು ಮತ್ತೆ ಮತ್ತೆ ಅನಿಸಿತು.

ಆ ಊರಿನ ಸುತ್ತಮುತ್ತಲಲ್ಲಿಯೂ ಇದೇ ರೀತಿ. ಬಡಗುತಿಟ್ಟಿನ ಯಕ್ಷಗಾನದ ಭಾಗವತಿಕೆಯು ಮೇಳದಲ್ಲಿದ್ದು, ಹಿರಿಯರ ಹಿಂದೆ ಕುಳಿತು, ರಾತ್ರಿಯಿಡೀ ಕೇಳಿ ಬಂದ ವಿದ್ಯೆ. ಗುಂಡ್ಮಿ ಕಾಳಿಂಗ ನಾವಡರು (1958-1990) ತೀರಿಕೊಂಡು ದಶಕಗಳು ಕಳೆದರೂ ಅವರ ಹಾಡುಗಾರಿಕೆಯನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಕಲಿತವರು ಈ ಸೀಮೆಯಲ್ಲಿ ಇಂದಿಗೂ ಸಿಕ್ಕುತ್ತಾರೆ. ಸುಗಮ ಸಂಗೀತದ ಪಿ. ಕಾಳಿಂಗರಾಯರು (1914-1981) ಹುಟ್ಟಿದ ಆರೂರು ಕೂಡ ಇದೇ ನೆಲದ್ದು.

ಬಂಧುಗಳು ಕೇಳಬಹುದು: ಮೊಬೈಲಿನಲ್ಲಿ ಮುದ್ರಿಸಿಕೊಂಡರೆ ಸಾಲದೇ? ಅಳಿಯನು ಹನ್ನೊಂದನ್ನೂ ಮುದ್ರಿಸಿಕೊಂಡಿದ್ದಾನೆ. ಅದು ಉಪಯೋಗಕ್ಕೂ ಬರುತ್ತದೆ. ಹಿಂದೆ ಗ್ರಾಮೊಫೋನಿನ ವೇಗವನ್ನು ಅರ್ಧಕ್ಕಿಳಿಸಿದರೆ ಸ್ವರವೂ ಒಂದು ಸ್ಥಾಯಿ ಕೆಳಗಿಳಿಯುತ್ತಿತ್ತು. ಈಗಿನ ಯಂತ್ರದಲ್ಲಿ ಸ್ವರ ಕೆಡದೆ ವೇಗ ಮಾತ್ರ ಕುಗ್ಗುತ್ತದೆ. ಕಷ್ಟದ ತಿರುವುಗಳನ್ನು ರಾತ್ರಿ ಹಾಗೆ ಕೇಳುತ್ತಾನೆ. ಆದರೆ ಉಬ್ಬಸದ ಮುದುಕಿಯ ಒಡೆದ ಧ್ವನಿಯನ್ನು ಪೆಟ್ಟಿಗೆಯಲ್ಲಿಟ್ಟರೆ ಅದನ್ನು ಯಾರು ಹಾಡಿಯಾರು? ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಮಾಡದಿದ್ದರೆ ವಚನಗಳ ಮಾತು ಇಂದು ನಮ್ಮ ಮನೆಗಳಲ್ಲಿ ಇರುತ್ತಿರಲಿಲ್ಲ. ಮಾತು ಓಲೆಯಲ್ಲಿತ್ತು, ಉಳಿಯಿತು. ಸ್ವರವಚನಗಳ ತಲೆಯಲ್ಲಿ ರಾಗತಾಳಗಳ ಹೆಸರಷ್ಟೇ ಉಳಿದಿದೆ. ಹಾಡಿದವರ ಧಾಟಿ ಅವರೊಂದಿಗೇ ಹೋಯಿತು. ಅಳಿಯನು ಒಂದು ಪದವನ್ನು ಗಿಟಾರಿನಲ್ಲಿ ಹಿಡಿದ ಮೇಲೆ ಅವನ ಮಗಳು ಹತ್ತನೆಯ ತರಗತಿಯ ಪುಸ್ತಕವನ್ನು ಮಡಚಿಟ್ಟು ಬಂದು ಅದರೊಡನೆ ಹಾಡುತ್ತಾಳೆ. ಅಜ್ಜಿಯ ಧ್ವನಿಮುದ್ರಣದೊಡನೆ ಅವಳು ಎಂದೂ ಹಾಡಲಿಲ್ಲ. ಅಳಿಯನ ಹೆಂಡತಿಗೆ ಇದರಿಂದ ಪರೀಕ್ಷೆಯ ಚಿಂತೆ. "ಮಾಮಾರ, ನೀವಾದ್ರೂ ಹೇಳ್ರಿ, ಮಾರ್ಚ್ ತನಕ ಆ ಗಿಟಾರ್ ಮ್ಯಾಲ ಇಡ್ರಿ ಅಂತ" ಎಂದು ನಮ್ಮಲ್ಲಿ ದೂರಿದಳು. ಒಮ್ಮೆ ಹಾಗೆ ಹೇಳಿ ಕೆಟ್ಟವರಾದ ನಾವು ಈ ಸಲ ಬಾಯಿ ತೆರೆಯಲಿಲ್ಲ. ಅವಳ ಚಿಂತೆಯೂ ಸುಳ್ಳಲ್ಲ.

ಕಿವಿಯ ವಿದ್ಯೆಯಲ್ಲಿ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಕೈಯನ್ನು ತಿದ್ದುವವರಿಲ್ಲದೆ ಅಳಿಯನು ಎಡಗೈ ಮಣಿಕಟ್ಟನ್ನು ವಿಪರೀತ ಬಗ್ಗಿಸಿ ಹಿಡಿಯುವ ಅಭ್ಯಾಸ ಮಾಡಿಕೊಂಡು, ನೋವಿನಿಂದ ಒಂದು ತಿಂಗಳು ಬಿಡಬೇಕಾಯಿತಂತೆ. ಮೂರನೆಯ ಪದದಲ್ಲಿ ತಪ್ಪಾಗಿ ಕೇಳಿಸಿಕೊಂಡ ಒಂದು ತಿರುವು ಬೆರಳಿನಲ್ಲಿ ಗಟ್ಟಿಯಾಗಿ ಕುಳಿತು, ಈಗ ಸರಿಯಾದುದು ತಿಳಿದಿದ್ದರೂ ಬೆರಳು ಹಳೆಯ ದಾರಿಗೇ ಓಡುತ್ತದೆ. ಸ್ವರಲಿಪಿಯನ್ನೂ ಅವನು ಈಗ ತಾನಾಗಿಯೇ ಸ್ವಲ್ಪ ಸ್ವಲ್ಪ ಕಲಿಯುತ್ತಿದ್ದಾನೆ, ಹಿಡಿದದ್ದು ಮರೆಯದಿರಲೆಂದು. ನಾವು ಕಳುಹಿಸಿದ್ದ ಪುಸ್ತಕ ಕಪಾಟಿನಿಂದ ಇಳಿದಿದೆ.

ನಾವು ಹೊರಡುವ ಮುನ್ನಾದಿನ ಎಂಟನೆಯ ಪದಕ್ಕೆ ಕುಳಿತರು. ಮೊದಲ ಚರಣವಾಯಿತು. ಎರಡನೆಯ ಚರಣದ ಏರಿಕೆಗೆ ಬಂದಾಗ ಅಕ್ಕನು ನಿಂತಳು. ಮತ್ತೆ ಮೊದಲಿನಿಂದ ಹಾಡಿದಳು, ಅಲ್ಲಿಯೇ ನಿಂತಳು. ಮಾತು ನೆನಪಿದೆ, ಧಾಟಿ ಬಾರದು. ಅವಳು ಮುದ್ರಿಸಿಕೊಟ್ಟಿದ್ದರಲ್ಲಿಯೂ ಆ ಚರಣವನ್ನು ಮೊದಲ ಚರಣದ ಧಾಟಿಯಲ್ಲಿಯೇ ಹಾಡಿಬಿಟ್ಟಿದ್ದಳು. ಅದು ತಪ್ಪೆಂದು ಈಗ ಅವಳಿಗೇ ಹೊಳೆದಿತ್ತು. ಮುಖ ಸಣ್ಣದಾಯಿತು. "ಹೋತು ಬಿಡೋ" ಎಂದಳು. ಅಳಿಯನು ಏನೂ ಹೇಳದೆ ಪಂಚಮದಿಂದ ಒಂದು ಏರಿಕೆಯನ್ನು ನುಡಿಸಿದನು. ಅವಳು ತಲೆಯಲ್ಲಾಡಿಸಿದಳು. ಮಧ್ಯಮದಿಂದ ಇನ್ನೊಂದು. ಅದೂ ಅಲ್ಲ. ಹೀಗೆ ಏಳೆಂಟು ತಪ್ಪು ದಾರಿಗಳನ್ನು ಅವನು ನುಡಿಸಿದನು. ಒಂಬತ್ತನೆಯದಕ್ಕೆ ಅವಳು ಥಟ್ಟನೆ ಕೈಯೆತ್ತಿ, "ಅಲ್ಲ ಅಲ್ಲ, ಹಿಂಗಲ್ಲ, ಹಿಂಗ" ಎಂದು ತಾನೇ ಅರ್ಧ ಸಾಲನ್ನು ಹಾಡಿದಳು. ಅಷ್ಟರಲ್ಲಿ ಉಸಿರು ಸಾಲದೆ ಕೆಮ್ಮು ಬಂದಿತು. ಸೊಸೆ ಬಿಸಿನೀರು ತಂದು ಕುಡಿಸಿ ಮಲಗಿಸಿದಳು.

ಉಳಿದ ಅರ್ಧ ಸಾಲು ನಾವು ಇದನ್ನು ಬರೆಯುವವರೆಗೂ ಸಿಕ್ಕಿಲ್ಲ. ಅಳಿಯನು ದಿನವೂ ಪೂಜೆಯಾದ ಮೇಲೆ ಎರಡು ಮೂರು ತಪ್ಪು ದಾರಿಗಳನ್ನು ತಾಯಿಗೆ ನುಡಿಸಿ ತೋರಿಸುತ್ತಾನಂತೆ. ಒಂಬತ್ತನೆಯ ಪದವನ್ನು ಅಷ್ಟರೊಳಗೆ ಆರಂಭಿಸಿದ್ದಾರೆ. ಶ್ರಾವಣಕ್ಕೆ ನಾವು ಮತ್ತೆ ಬೀಜಾಡಿಗೆ ಹೋಗುವವರಿದ್ದೇವೆ.